ಲಿಸ್ಪ್ ಯಂತ್ರಕ್ಕಾಗಿ ಅತ್ತಿದ್ದು ಸಾಕು

ಕಳೆದ ವರ್ಷ ನಮ್ಮ ವಿಭಾಗದ ವಾರದ ಸೆಮಿನಾರಿನಲ್ಲಿ ಮಾತಾಡುವ ಸರದಿ ನನ್ನದಿತ್ತು. ನನ್ನ ಪಿಎಚ್‌ಡಿ ವಿಷಯದ ಮೇಲೆ ಮಾತಾಡಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಹಟಕ್ಕೆ ಬಿದ್ದು ‘ಸಾಮಾನ್ಯ ಪಿಸಿಗೆ ಲಿಸ್ಪ್‌ನಲ್ಲಿ ಆಪರೇಟಿಂಗ್ ಸಿಸ್ಟಂ ಬರೆಯುವುದು’ ಅಂತ ಶೀರ್ಷಿಕೆ ಕೊಟ್ಟೆ. ಐದನೇ ಸ್ಲೈಡಿಗೆ ಬರುವಷ್ಟರಲ್ಲಿ ಹಿರಿಯ ಮೇಷ್ಟ್ರೊಬ್ಬರು ಕೈ ಎತ್ತಿದರು. “ಅಲ್ಲಮ್ಮಾ, ಲಿಸ್ಪ್‌ಗೆ ಬೇರೆ ಹಾರ್ಡ್‌ವೇರೇ ಬೇಕಿತ್ತಲ್ಲ? ಅದೆಲ್ಲ ಮ್ಯೂಸಿಯಂ ಸೇರಿ ಮೂವತ್ತು ವರ್ಷ ಆಯ್ತು” ಅಂದರು. ಹಿಂದಿನ ಸಾಲಿನಲ್ಲಿ ಕೂತಿದ್ದ ಇನ್ನೊಬ್ಬರು ಲಿಸ್ಪ್ ಅಂದರೆ ಪ್ರಾಣ ಬಿಡುವವರು. ಅವರಾದರೂ ನನ್ನ ಪರ ಮಾತಾಡುತ್ತಾರೆ ಅಂದುಕೊಂಡೆ. “ನಿಜ ಸರ್, ಅಂಥ ಮಷಿನ್‌ಗಳು ಇನ್ನು ಬರಲ್ಲ. ಆ ಕಾಲವೇ ಬೇರೆ” ಅಂತ ಅವರು ನಿಟ್ಟುಸಿರು ಬಿಟ್ಟರು.

ಒಬ್ಬರದು ಗೇಲಿ, ಇನ್ನೊಬ್ಬರದು ಶೋಕ. ಆದರೆ ಇಬ್ಬರೂ ಹೇಳಿದ್ದು ಒಂದೇ ಮಾತು: ಲಿಸ್ಪ್ ಮೇಲೆ ನಿಂತ ಕಂಪ್ಯೂಟರ್ ಒಂದು ವಿಶೇಷ ಯಂತ್ರದ ಕೂಸು, ಆ ಯಂತ್ರ ಸತ್ತಿತು, ಕೂಸೂ ಸತ್ತಿತು. ಈ ಮಾತು ಸುಳ್ಳು. ಎಷ್ಟು ಸುಳ್ಳೆಂದರೆ, ಚರಿತ್ರೆಯಲ್ಲಿ ನಡೆದದ್ದು ಹೆಚ್ಚುಕಡಿಮೆ ಇದರ ತಿರುಗುಮುರುಗು. ಅವತ್ತು ಸೆಮಿನಾರಿನಲ್ಲಿ ನನಗೆ ಸಮಯ ಸಾಲಲಿಲ್ಲ. ಇಲ್ಲಿ ಹೇಳುತ್ತೇನೆ. ಸಾಹಿತ್ಯದ ಓದುಗರಿಗೆ ಇದನ್ನು ಯಾಕೆ ಹೇಳಬೇಕು ಅಂತ ಕೇಳಬಹುದು. ಯಾವುದನ್ನು ಓದಬಹುದು, ಯಾರು ಓದಬಹುದು, ಓದಿದವರು ತಿದ್ದಬಹುದೇ ಎಂಬ ಪ್ರಶ್ನೆ ಇದರ ಬುಡದಲ್ಲಿದೆ. ಆ ಪ್ರಶ್ನೆ ನಿಮ್ಮದೇ.

*

ಮೊದಲು ಎರಡು ಮಾತು ಲಿಸ್ಪ್ ಬಗ್ಗೆ. 1958ರಲ್ಲಿ ಅಮೆರಿಕದ ಎಂಐಟಿಯಲ್ಲಿ ಜಾನ್ ಮೆಕಾರ್ಥಿ ಶುರುಮಾಡಿದ ಪ್ರೋಗ್ರಾಮಿಂಗ್ ಭಾಷೆ ಇದು. ಇದರಲ್ಲಿ ಎಲ್ಲವೂ ಪಟ್ಟಿ. ಎರಡು ಮತ್ತು ಮೂರನ್ನು ಕೂಡಬೇಕಾದರೆ (ಕೂಡು 2 3) ಎಂದು ಬರೆಯಬೇಕು. ಕಂಸದೊಳಗೆ ಮೊದಲು ಕ್ರಿಯೆ, ಆಮೇಲೆ ಅದಕ್ಕೆ ಬೇಕಾದ ಸಾಮಗ್ರಿ. ಕ್ರಿಯಾಪದ ಕೊನೆಗೆ ಬರುವ ಭಾಷೆಯಲ್ಲಿ ಬೆಳೆದ ನಮಗೆ ಮೊದಲು ಕಿರಿಕಿರಿಯಾಗುತ್ತದೆ, ವಾರದಲ್ಲಿ ಒಗ್ಗುತ್ತದೆ. ಸ್ವಾರಸ್ಯ ಏನೆಂದರೆ, ಈ (ಕೂಡು 2 3) ಎಂಬುದು ಒಂದು ಆಜ್ಞೆಯೂ ಹೌದು, ಮೂರು ಪದಗಳ ಒಂದು ಪಟ್ಟಿಯೂ ಹೌದು. ಪಟ್ಟಿಗಳನ್ನು ಬಿಚ್ಚುವುದು, ಜೋಡಿಸುವುದು ಲಿಸ್ಪ್‌ಗೆ ಹುಟ್ಟಿನಿಂದ ಬಂದ ಕಸುಬು. ಹಾಗಾಗಿ ಲಿಸ್ಪ್ ಪ್ರೋಗ್ರಾಂ ಇನ್ನೊಂದು ಲಿಸ್ಪ್ ಪ್ರೋಗ್ರಾಮನ್ನು, ತನ್ನನ್ನೇ ಕೂಡ, ಓದಬಲ್ಲದು, ಬರೆಯಬಲ್ಲದು, ತಿದ್ದಬಲ್ಲದು.

1960ರ ತಮ್ಮ ಲೇಖನದಲ್ಲಿ ಮೆಕಾರ್ಥಿ ಲಿಸ್ಪ್‌ನ ಅರ್ಥವನ್ನು ಲಿಸ್ಪ್‌ನಲ್ಲೇ ವಿವರಿಸಿದರು. ಯಾವುದೇ ಲಿಸ್ಪ್ ವಾಕ್ಯ ಕೊಟ್ಟರೂ ಅದರ ಬೆಲೆ ಏನೆಂದು ಹೇಳುವ ಒಂದು ಫಂಕ್ಷನ್, ಒಂದು ಪುಟದಲ್ಲಿ ಹಿಡಿಸುವಷ್ಟು. ಅವರ ಮಟ್ಟಿಗೆ ಅದು ಕಾಗದದ ಮೇಲಿನ ಗಣಿತ. ಅವರ ಶಿಷ್ಯ ಸ್ಟೀವ್ ರಸೆಲ್ ಅದನ್ನು ಐಬಿಎಂ 704 ಯಂತ್ರದ ಭಾಷೆಗೆ ಕೈಯಿಂದ ಇಳಿಸಿಬಿಟ್ಟರು, ಅದು ನಡೆಯಿತು! ಈ ಘಟನೆಯನ್ನು ನೆನಪಿನಲ್ಲಿಡಿ. ಮೊದಲ ಲಿಸ್ಪ್ ಓಡಿದ್ದು ತನಗಾಗಿ ಹೇಳಿ ಮಾಡಿಸಿದ ಯಂತ್ರದಲ್ಲಲ್ಲ. ಯಾವುದೋ ಕಂಪನಿ ಯಾರಿಗೋ ಮಾರುತ್ತಿದ್ದ, ಲಿಸ್ಪ್ ಎಂಬ ಹೆಸರನ್ನೇ ಕೇಳಿರದ ಯಂತ್ರದಲ್ಲಿ. ಪಟ್ಟಿಯ ತಲೆ ಮತ್ತು ಬಾಲಕ್ಕೆ ಲಿಸ್ಪ್‌ನಲ್ಲಿ ಇಂದಿಗೂ ಇರುವ ‘ಕಾರ್’, ‘ಕುಡರ್’ ಎಂಬ ವಿಚಿತ್ರ ಹೆಸರುಗಳು ಆ 704ರ ರಿಜಿಸ್ಟರಿನ ಭಾಗಗಳಿಂದ ಬಂದವು.

ಹಾಗಾದರೆ ವಿಶೇಷ ಯಂತ್ರದ ಕಥೆ ಎಲ್ಲಿಂದ ಬಂತು? 1970ರ ದಶಕದಲ್ಲಿ ಎಂಐಟಿಯವರು ಪಿಡಿಪಿ-10 ಎಂಬ ಕಂಪ್ಯೂಟರಿನಲ್ಲಿ ಕೆಲಸ ಮಾಡುತ್ತಿದ್ದರು. ಅದರ ಮೆಮೊರಿ ವಿಳಾಸ 18 ಬಿಟ್‌ನದು. ಅಂದರೆ ಒಂದು ಪ್ರೋಗ್ರಾಂ ಒಮ್ಮೆಗೆ 2,62,144 ಪದಗಳಾಚೆಗೆ ಕೈ ಚಾಚುವಂತಿರಲಿಲ್ಲ. ಜೊತೆಗೆ ಒಂದೇ ಯಂತ್ರವನ್ನು ಹತ್ತಾರು ಜನ ಹಂಚಿಕೊಳ್ಳಬೇಕು. ಬೀಜಗಣಿತ ಮಾಡುವ ಮ್ಯಾಕ್ಸಿಮಾದಂಥ ಲಿಸ್ಪ್ ಪ್ರೋಗ್ರಾಮುಗಳಿಗೆ ಅದು ಉಸಿರುಗಟ್ಟಿಸುವ ಕೋಣೆ. ರಿಚರ್ಡ್ ಗ್ರೀನ್‌ಬ್ಲಾಟ್, ಟಾಮ್ ನೈಟ್ ಮೊದಲಾದವರು ‘ಒಬ್ಬರಿಗೆ ಒಂದು ಯಂತ್ರ’ ಎಂದು ತಾವೇ ಕಟ್ಟಲು ಕೂತರು. ಮೊದಲು ಕಾನ್ಸ್, ಆಮೇಲೆ ಕ್ಯಾಡರ್. ಅದರಿಂದ ಸಿಂಬಾಲಿಕ್ಸ್, ಎಲ್‌ಎಂಐ ಎಂಬ ಎರಡು ಕಂಪನಿಗಳು ಹುಟ್ಟಿದವು. ಸಿಂಬಾಲಿಕ್ಸ್‌ನ 3600 ಯಂತ್ರದಲ್ಲಿ ಪ್ರತಿ ಪದಕ್ಕೂ 36 ಬಿಟ್. ಅದರಲ್ಲಿ ಕೆಲವು ಬಿಟ್‌ಗಳು ‘ಇದು ಸಂಖ್ಯೆ’, ‘ಇದು ಪಟ್ಟಿ’ ಎಂಬ ಗುರುತು ಹಾಕಲಿಕ್ಕೇ ಮೀಸಲು. ಇಂಟರ್‌ನೆಟ್ಟಿನಲ್ಲಿ ಮೊಟ್ಟಮೊದಲು, 1985ರ ಮಾರ್ಚ್ 15ರಂದು, ನೋಂದಣಿಯಾದ ಡಾಟ್ ಕಾಂ ವಿಳಾಸ ಇದೇ ಸಿಂಬಾಲಿಕ್ಸ್‌ನದು.

ಆ ಯಂತ್ರದ ಜೆನೆರಾ ಎಂಬ ಆಪರೇಟಿಂಗ್ ಸಿಸ್ಟಮನ್ನು ಬಳಸಿದವರು ಇಂದಿಗೂ ಕಣ್ಣು ತುಂಬಿಕೊಂಡು ಮಾತಾಡುತ್ತಾರೆ. ಪರದೆಯ ಮೇಲೆ ಕಾಣುವ ಯಾವುದರ ಹಿಂದೆ ಬೇಕಾದರೂ ಹೋಗಿ ಅದರ ಮೂಲ ಕೋಡ್ ತೆರೆಯಬಹುದು, ಒಂದು ಫಂಕ್ಷನ್ ಬದಲಿಸಬಹುದು, ಯಂತ್ರ ನಿಲ್ಲಿಸದೆ ಮುಂದುವರಿಯಬಹುದು. ಬಳಸುವವರು ಬೇರೆ, ಬರೆಯುವವರು ಬೇರೆ ಎಂಬ ಗೋಡೆ ಅಲ್ಲಿ ತೀರ ತೆಳುವಾಗಿತ್ತು.

ಆಮೇಲೆ ಏನಾಯಿತು? ಕೃತಕ ಬುದ್ಧಿಮತ್ತೆಗೆ ಬರುತ್ತಿದ್ದ ದುಡ್ಡು 1980ರ ದಶಕದ ಕೊನೆಗೆ ಬತ್ತಿತು. ಅದಕ್ಕಿಂತ ಮುಖ್ಯವಾಗಿ, ಸಾಮಾನ್ಯ ಯಂತ್ರಗಳು ಅಗ್ಗವಾಗಿ, ವೇಗವಾಗಿ ಬೆಳೆದವು. ಲಿಸ್ಪ್ ಕಂಪೈಲರುಗಳು ಆ ಸಾಮಾನ್ಯ ಯಂತ್ರಗಳಲ್ಲೇ ಚೆನ್ನಾಗಿ ಓಡತೊಡಗಿದವು. ಹತ್ತಾರು ಸಾವಿರ ಡಾಲರ್ ಕೊಟ್ಟು ವಿಶೇಷ ಪೆಟ್ಟಿಗೆ ಯಾರು ಕೊಳ್ಳುತ್ತಾರೆ? ಕೊನೆಗೆ ಸಿಂಬಾಲಿಕ್ಸ್ ತನ್ನ ಜೆನೆರಾವನ್ನೇ ಡೆಕ್ ಕಂಪನಿಯ ಆಲ್ಫಾ ಎಂಬ ಮಾಮೂಲಿ ಪ್ರೊಸೆಸರಿನ ಮೇಲೆ ‘ಓಪನ್ ಜೆನೆರಾ’ ಎಂಬ ಹೆಸರಿನಲ್ಲಿ ಓಡಿಸಿ ಮಾರಿತು. ಹಳೆಯ ಲಿಸ್ಪ್ ಪ್ರೊಸೆಸರನ್ನು ಸಾಫ್ಟ್‌ವೇರಿನಲ್ಲಿ ಅನುಕರಿಸಿ, ಅದರ ಮೇಲೆ ಇಡೀ ಸಿಸ್ಟಂ.

ಈಗ ನಮ್ಮ ಮೇಷ್ಟ್ರ ವಾದವನ್ನು ಇದರ ಪಕ್ಕ ಇಟ್ಟು ನೋಡಿ. ಲಿಸ್ಪ್ ಯಂತ್ರಗಳು ಸತ್ತದ್ದು ಸಾಮಾನ್ಯ ಹಾರ್ಡ್‌ವೇರ್ ಲಿಸ್ಪ್‌ಗೆ ಸಾಕಾಗುವಷ್ಟು ಒಳ್ಳೆಯದಾದ್ದರಿಂದ. ಅದೇ ಸಾವನ್ನು ಹಿಡಿದುಕೊಂಡು ಸಾಮಾನ್ಯ ಹಾರ್ಡ್‌ವೇರಿನಲ್ಲಿ ಲಿಸ್ಪ್ ಸಿಸ್ಟಂ ಆಗದು ಎಂದರೆ ಏನರ್ಥ? ರೈಲು ಬಂದು ಜಟಕಾಗಾಡಿ ನಿಂತಿತು, ಆದ್ದರಿಂದ ರೈಲಿನಲ್ಲಿ ಜನ ಕೂರಲಾರರು ಅಂದ ಹಾಗೆ.

*

ಆದರೂ ಹಾರ್ಡ್‌ವೇರಿನ ಆಕ್ಷೇಪಣೆಯನ್ನು ಅದರದೇ ನೆಲದಲ್ಲಿ ಎದುರಿಸೋಣ. ಆ ಗುರುತಿನ ಬಿಟ್‌ಗಳು ನಮ್ಮ ಇಂಟೆಲ್, ಎಎಂಡಿ ಚಿಪ್ಪುಗಳಲ್ಲಿ ಇಲ್ಲವಲ್ಲ? ಇಲ್ಲ. ಬೇಕಾಗಿಯೂ ಇಲ್ಲ. ಒಂದು ಬೀದಿಯಲ್ಲಿ ಮನೆ ನಂಬರುಗಳು 16, 32, 48, 64 ಹೀಗೆ ಹದಿನಾರರ ಮಗ್ಗಿಯಲ್ಲೇ ಇವೆ ಎಂದುಕೊಳ್ಳಿ. ಅವನ್ನು ಸೊನ್ನೆ-ಒಂದುಗಳಲ್ಲಿ ಬರೆದರೆ ಕೊನೆಯ ನಾಲ್ಕು ಸ್ಥಾನ ಯಾವಾಗಲೂ ಸೊನ್ನೆ. ಯಾವಾಗಲೂ ಸೊನ್ನೆ ಇರುವ ಜಾಗ ಏನನ್ನೂ ಹೇಳುವುದಿಲ್ಲ, ಖಾಲಿ ಬಿದ್ದಿದೆ. ಅಲ್ಲಿ ಗುರುತು ಬರೆದುಕೊಂಡರಾಯಿತು. ಇಂದಿನ 64 ಬಿಟ್ ಲಿಸ್ಪ್‌ಗಳು ಮಾಡುವುದು ಇದನ್ನೇ. ಸಂಖ್ಯೆಗಳಿಗೆ ಕೊನೆಯ ಬಿಟ್ ಸೊನ್ನೆ ಎಂಬ ಗುರುತಿಟ್ಟರೆ ಎರಡು ಸಂಖ್ಯೆಗಳನ್ನು ಗುರುತು ಬಿಚ್ಚದೆಯೇ ಪ್ರೊಸೆಸರಿನ ಒಂದೇ ಆಜ್ಞೆಯಲ್ಲಿ ಕೂಡಬಹುದು.

ಇನ್ನು ಗಾರ್ಬೇಜ್ ಕಲೆಕ್ಷನ್, ಅಂದರೆ ಯಾರಿಗೂ ಬೇಡವಾದ ಮೆಮೊರಿಯನ್ನು ಯಂತ್ರವೇ ಗುಡಿಸಿ ತೆಗೆಯುವ ಕೆಲಸ. ಇದು ನಿಧಾನ, ಇದಕ್ಕೆ ಹಾರ್ಡ್‌ವೇರ್ ಬೆಂಬಲ ಬೇಕು ಎನ್ನುವವರು ದಯವಿಟ್ಟು ತಮ್ಮ ಜೇಬಿನ ಫೋನ್ ತೆಗೆದು ಬ್ರೌಸರ್ ನೋಡಲಿ. ಅದರಲ್ಲಿ ದಿನವಿಡೀ ಓಡುವ ಜಾವಾಸ್ಕ್ರಿಪ್ಟ್‌ಗೂ ಕಸ ಗುಡಿಸುವ ವ್ಯವಸ್ಥೆ ಇದೆ, ಮೌಲ್ಯಗಳಿಗೆ ಗುರುತು ಹಾಕುವ ತಂತ್ರ ಇದೆ, ಓಡುತ್ತಿರುವಾಗಲೇ ಕಂಪೈಲ್ ಮಾಡುವ ಚಾಕಚಕ್ಯತೆ ಇದೆ. 1995ರಲ್ಲಿ ನೆಟ್‌ಸ್ಕೇಪ್ ಕಂಪನಿ ಬ್ರೆಂಡನ್ ಐಕ್ ಅವರನ್ನು ಕರೆಸಿಕೊಂಡಾಗ ಮೊದಲು ಹೇಳಿದ್ದು ಬ್ರೌಸರಿನೊಳಗೆ ಸ್ಕೀಮ್ ಹಾಕಿ ಅಂತ. ಸ್ಕೀಮ್ ಲಿಸ್ಪ್‌ನ ಒಂದು ಕವಲು. ಆಮೇಲೆ ಜಾವಾದಂತೆ ಕಾಣಲಿ ಎಂದು ವೇಷ ಬದಲಾಯಿತು. ಇಂಥ ಭಾಷೆಯ ಮೇಲೆ ಜಗತ್ತಿನ ಬ್ಯಾಂಕು, ಟಿಕೆಟ್ಟು, ಪರೀಕ್ಷೆಯ ಫಲಿತಾಂಶ ಎಲ್ಲ ನಡೆಯುತ್ತಿರುವಾಗ ‘ಲಿಸ್ಪ್ ತರಹದ ಭಾಷೆ ಸಾಮಾನ್ಯ ಹಾರ್ಡ್‌ವೇರಿಗೆ ಭಾರ’ ಎನ್ನುವುದು ಹಳೆಯ ಪಠ್ಯಪುಸ್ತಕದ ಬಾಯಿಪಾಠ.

ಮುಂದಿನ ಆಕ್ಷೇಪಣೆ ಇದಕ್ಕಿಂತ ಗಟ್ಟಿ: ಅಪ್ಲಿಕೇಶನ್ ಸರಿ, ತಳದ ಕರ್ನಲ್ ಮಾತ್ರ ಸಿ ಭಾಷೆಯಲ್ಲೇ ಇರಬೇಕು. ಕೀಬೋರ್ಡ್ ಒತ್ತಿದಾಗ, ಡಿಸ್ಕ್ ಕೂಗಿದಾಗ ಕರ್ನಲ್ ತಕ್ಷಣ ಓಗೊಡಬೇಕು. ಆ ಹೊತ್ತಿಗೆ ಸರಿಯಾಗಿ ಲಿಸ್ಪ್ ಕಸ ಗುಡಿಸುತ್ತಾ ನಿಂತರೆ? ಇದು ನಿಜವಾದ ತೊಡಕು. ಇದಕ್ಕೆ ಪರಿಹಾರವೂ ಇದೆ. ಅಂಥ ತುರ್ತು ಕೋಡನ್ನು ಹೊಸ ಮೆಮೊರಿ ಕೇಳದ ಶಿಸ್ತಿನಲ್ಲಿ ಬರೆಯುವುದು, ಅದು ಮುಟ್ಟುವ ವಸ್ತುಗಳನ್ನು ಕಸ ಗುಡಿಸುವವನ ಕೈಗೆ ಸಿಗದ, ಜಾಗ ಬದಲಿಸದ ಪ್ರದೇಶದಲ್ಲಿಡುವುದು. ಭಾಷೆ ಲಿಸ್ಪೇ, ಮಡಿ ಸ್ವಲ್ಪ ಜಾಸ್ತಿ. ಸಿ ಕರ್ನಲ್ ಬರೆಯುವವರೂ ಇಂಥದ್ದೇ ಮಡಿ ಪಾಲಿಸುತ್ತಾರೆ. ಇಂಟರಪ್ಟ್ ಒಳಗೆ ನಿದ್ದೆ ಹೋಗುವಂತಿಲ್ಲ, ಬೇಕಾದ ಹಾಗೆ ಮೆಮೊರಿ ಕೇಳುವಂತಿಲ್ಲ. ಅವರಿಗೂ ತಳದಲ್ಲಿ ಒಂದಿಷ್ಟು ಅಸೆಂಬ್ಲಿ ಬೇಕೇ ಬೇಕು.

ಇದು ಬರೀ ಬಾಯಿಮಾತಲ್ಲ. ನಾರ್ವೆಯ ಟ್ರೊಮ್ಸೊ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಮೊವಿಟ್ಜ್, ಸಾಮಾನ್ಯ ಪಿಸಿಯ ಬರಿಮೈ ಮೇಲೆ ಕಾಮನ್ ಲಿಸ್ಪ್ ಓಡಿಸಿ ತೋರಿಸಿತು. ಅದಕ್ಕಿಂತ ಮುಂದೆ ಹೋದದ್ದು ಮೆಝಾನೊ. 64 ಬಿಟ್ ಪಿಸಿಗಾಗಿ ಕಾಮನ್ ಲಿಸ್ಪ್‌ನಲ್ಲಿ ಬರೆದ ಸಿಸ್ಟಂ, ತನ್ನದೇ ಕಂಪೈಲರ್, ತನ್ನದೇ ಕಿಟಕಿಗಳು, ನೆಟ್‌ವರ್ಕ್, ಎಡಿಟರ್ ಇಟ್ಟುಕೊಂಡಿದೆ. ಕೋಡ್ ಎಲ್ಲರಿಗೂ ತೆರೆದಿದೆ. ನಿಮ್ಮ ಲ್ಯಾಪ್‌ಟಾಪಿನ ವರ್ಚುವಲ್‌ಬಾಕ್ಸ್‌ನಲ್ಲಿ ಓಡಿಸಿ ನೋಡಬಹುದು. ದೊಡ್ಡ ಕಂಪನಿಯ ಬೆನ್ನಿಲ್ಲದೆ ಬೆರಳೆಣಿಕೆಯ ಕೈಗಳು ಇಷ್ಟು ಮಾಡಿವೆ. ‘ಆಗದು’ ಎನ್ನುವವರ ಮುಂದೆ ಆಗಿರುವುದು ಬಂದು ಕೂತಿದೆ.

1969ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಹುಟ್ಟಿದ ಯುನಿಕ್ಸ್ ಕೂಡ ಮೊದಲು ಅಸೆಂಬ್ಲಿಯಲ್ಲಿತ್ತು. 1973ರಲ್ಲಿ ಅದನ್ನು ಸಿ ಭಾಷೆಗೆ ತಂದರು. ಕರ್ನಲ್‌ನಂಥದ್ದನ್ನು ಮೇಲ್ಮಟ್ಟದ ಭಾಷೆಯಲ್ಲಿ ಬರೆಯುವುದು ದುಂದು ಎಂಬ ಅನುಮಾನ ಆಗಲೂ ಇತ್ತು. ಇಂದು ಸಿ ಭಾಷೆಯ ಕಾವಲುಗಾರರು ಲಿಸ್ಪ್‌ಗೆ ಹೇಳುವ ಮಾತು ಒಂದು ಕಾಲಕ್ಕೆ ಸಿ ಭಾಷೆಯೇ ಕೇಳಿಸಿಕೊಂಡದ್ದು. ಅತ್ತೆಗೂ ಒಂದು ಕಾಲದಲ್ಲಿ ಸೊಸೆತನ ಇತ್ತು.

*

ಸಾಧ್ಯ ಎಂದು ಒಪ್ಪಿದವರು ಮರುಕ್ಷಣ ಕೇಳುವುದು, “ಸರಿ, ಯಾಕೆ?” ಇದಕ್ಕೆ ನಾನು ಎರಡು ಘಟನೆ ಹೇಳುತ್ತೇನೆ.

2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಸುರಕ್ಷತಾ ಕಂಪನಿಯ ಒಂದು ಅಪ್‌ಡೇಟ್ ಜಗತ್ತಿನ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳನ್ನು ಬೀಳಿಸಿತು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಪೆನ್ನಿನಲ್ಲಿ ಬರೆದುಕೊಟ್ಟರು. ಕಾರಣ ಏನು ಗೊತ್ತೇ? ಪಟ್ಟಿಯಲ್ಲಿ ಇದ್ದದ್ದು 20 ಅಂಶ, ಕೋಡ್ ಓದಲು ಹೋದದ್ದು ಇಪ್ಪತ್ತೊಂದನೆಯದನ್ನು. ಇಲ್ಲದ ಜಾಗಕ್ಕೆ ಕೈ ಹಾಕಿತು. ಆ ಕೋಡ್ ಇದ್ದದ್ದು ಕರ್ನಲ್ಲಿನೊಳಗೆ, ಹಾಗಾಗಿ ಇಡೀ ಯಂತ್ರ ಕುಸಿಯಿತು. ಲಿಸ್ಪ್‌ನಲ್ಲಿ ಇಪ್ಪತ್ತರ ಪಟ್ಟಿಯಲ್ಲಿ ಇಪ್ಪತ್ತೊಂದನೆಯದನ್ನು ಕೇಳಿದರೆ ‘ಅಂಥದ್ದಿಲ್ಲ, ಈಗ ಏನು ಮಾಡಲಿ?’ ಎಂದು ತಿರುಗಿ ಕೇಳುತ್ತದೆ, ಆಯ್ಕೆಗಳನ್ನು ಮುಂದಿಡುತ್ತದೆ. ವೇಗದ ಆಸೆಗೆ ಈ ತಪಾಸಣೆಯನ್ನು ಲಿಸ್ಪ್‌ನಲ್ಲೂ ಆರಿಸಿಡಬಹುದು, ಆಗ ಅದೂ ಸಿ ಭಾಷೆಯಷ್ಟೇ ಕುರುಡು. ಆದರೆ ಕಣ್ಣು ತೆರೆದಿರುವುದು ಅಲ್ಲಿ ರೂಢಿ, ಮುಚ್ಚುವುದು ಅಪವಾದ. ತಮ್ಮ ಸಾಫ್ಟ್‌ವೇರಿನ ಭದ್ರತಾ ಲೋಪಗಳಲ್ಲಿ ಸುಮಾರು ಶೇ. 70 ಮೆಮೊರಿಯನ್ನು ತಪ್ಪಾಗಿ ಮುಟ್ಟಿದ್ದರಿಂದ ಬಂದವು ಎಂದು 2019ರಲ್ಲಿ ಹೇಳಿದ್ದು ಸ್ವತಃ ಮೈಕ್ರೋಸಾಫ್ಟ್. ಲಿನಕ್ಸ್ ಕೂಡ 2022ರ ಕೊನೆಯಲ್ಲಿ ತನ್ನ 6.1ನೇ ಆವೃತ್ತಿಯೊಳಗೆ ರಸ್ಟ್ ಎಂಬ ಸುರಕ್ಷಿತ ಭಾಷೆಗೆ ಬಾಗಿಲು ತೆರೆಯಿತು. ಅಂದರೆ ‘ಕರ್ನಲ್ ಎಂದರೆ ಸಿ’ ಎಂಬ ಸೂತ್ರವನ್ನು ಅದರ ಅರ್ಚಕರೇ ಈಗ ನಂಬುವುದಿಲ್ಲ.

ಎರಡನೆಯದು ನಮಗೆ ಇನ್ನೂ ಹತ್ತಿರದ್ದು. 2018ರ ಫೆಬ್ರವರಿಯಲ್ಲಿ ತೆಲುಗಿನ ಒಂದೇ ಒಂದು ಒತ್ತಕ್ಷರ, ‘ಜ್ಞಾ’, ಐಫೋನುಗಳನ್ನು ಬೀಳಿಸಿತು. ಆ ಅಕ್ಷರವಿದ್ದ ಸಂದೇಶ ಬಂದರೆ ಸಾಕು, ಅದನ್ನು ತೋರಿಸಲು ಹೋದ ಆ್ಯಪ್ ಸಾಯುತ್ತಿತ್ತು. ಅಕ್ಷರ ಜೋಡಿಸುವ ಕೋಡಿನಲ್ಲಿ ದೋಷ. ಕೋಟಿಗಟ್ಟಲೆ ಜನ ದಿನವೂ ಬರೆಯುವ ಲಿಪಿಯ ಒಂದು ಅಕ್ಷರ ‘ಬಾಂಬ್’ ಎಂದು ಕರೆಸಿಕೊಂಡಿತು. ಆಪಲ್‌ನಿಂದ ತಿದ್ದುಪಡಿ ಬರುವವರೆಗೆ ಆ ಭಾಷೆಯವರು ಮಾಡಬಹುದಾದ್ದು ಏನೂ ಇರಲಿಲ್ಲ. ಅವರಲ್ಲಿ ಆ ಕೋಡನ್ನು ಸರಿಮಾಡಬಲ್ಲ ನೂರಾರು ಇಂಜಿನಿಯರುಗಳು ಖಂಡಿತ ಇದ್ದರು. ಆದರೆ ಅದು ಮುಚ್ಚಿದ ಪುಸ್ತಕ. ಲಿಸ್ಪ್ ಇದ್ದಿದ್ದರೆ ಈ ದೋಷವೇ ಹುಟ್ಟುತ್ತಿರಲಿಲ್ಲ ಎಂದು ನಾನು ಹೇಳಲಾರೆ. ದೋಷ ಎಲ್ಲ ಭಾಷೆಯಲ್ಲೂ ಹುಟ್ಟುತ್ತದೆ. ನನ್ನ ಪ್ರಶ್ನೆ ಹುಟ್ಟಿದ ಮೇಲಿನದು: ಅದನ್ನು ನೋಡುವ, ಮುಟ್ಟುವ, ತಿದ್ದುವ ಹಕ್ಕು ಯಾರದು?

ಈ ಪ್ರಶ್ನೆ ನನಗೆ ಪುಸ್ತಕದಿಂದ ಬಂದದ್ದಲ್ಲ. ಎರಡು ವರ್ಷದ ಹಿಂದೆ ರಜೆಯಲ್ಲಿ ಮನೆಗೆ ಹೋದಾಗ ಅಟ್ಟದ ಮೇಲಿದ್ದ ಹಳೆಯ ಲ್ಯಾಪ್‌ಟಾಪ್ ಇಳಿಸಿ, ಅದಕ್ಕೆ ನನ್ನದೇ ಪುಟ್ಟ ಲಿಸ್ಪ್ ಕರ್ನಲ್ ಬರೆಯಲು ಕೂತೆ. ಇಂಥ ಪಿಸಿ ಶುರುವಾದಾಗ ಪರದೆ 80 ಕಂಬ, 25 ಸಾಲಿನ ಚೌಕಾಬಾರದ ಮಣೆಯಂತಿರುತ್ತದೆ. ಪ್ರತಿ ಮನೆಯಲ್ಲೂ ಒಂದು ಅಕ್ಷರ, 256 ಆಕಾರಗಳಲ್ಲಿ ಒಂದು. ಇಂಗ್ಲಿಷ್ ಅಕ್ಷರ ಎರಡನೇ ದಿನಕ್ಕೇ ಬಂತು. ಕನ್ನಡದ ‘ಕ’ ಬರೆಯೋಣ ಎಂದು ನೋಡಿದರೆ ಆ ಮಣೆಯಲ್ಲಿ ನಮಗೆ ಮನೆಯೇ ಇಲ್ಲ. ಹೊಸ ಆಕಾರ ತುಂಬಬಹುದು, ಆದರೆ ಎಂಟೊಂಬತ್ತು ಚುಕ್ಕಿ ಅಗಲದ ಗೂಡಿನಲ್ಲಿ ‘ಕ್ಷ್ಮಿ’ ಹೇಗೆ ಕೂರಬೇಕು? ಇದು ಹಳೆಯ ಪಿಸಿಯ ಪಾಡು ಮಾತ್ರ ಅಂದುಕೊಳ್ಳಬೇಡಿ. ಲಿನಕ್ಸ್ ಕರ್ನಲ್ಲಿನ ಸ್ವಂತ ಕನ್ಸೋಲ್, ಚಿತ್ರದ ಕಿಟಕಿಗಳೆಲ್ಲ ಬರುವುದಕ್ಕೆ ಮುಂಚಿನ ಆ ಕಪ್ಪು ಪರದೆ, ಇಂದಿಗೂ 512 ಆಕಾರಗಳಿಗೆ ಸೀಮಿತ. ಒತ್ತಕ್ಷರ ಜೋಡಿಸುವುದು ಅದಕ್ಕೆ ಬರುವುದಿಲ್ಲ. ಯಂತ್ರದ ತಳಮನೆಯಲ್ಲಿ ಕನ್ನಡಕ್ಕೆ ಇನ್ನೂ ಪ್ರವೇಶವಿಲ್ಲ.

ಕೊನೆಗೆ ಮಣೆ ಬಿಟ್ಟು, ಪರದೆಯನ್ನು ಚುಕ್ಕಿ ಚುಕ್ಕಿಯಾಗಿ ತುಂಬುವ ದಾರಿ ಹಿಡಿದೆ. ರಂಗೋಲಿ ಹಾಳೆಯಲ್ಲಿ ಅಕ್ಷರ ಬರೆದು, ಚುಕ್ಕಿ ಎಣಿಸಿ ಪಟ್ಟಿ ಮಾಡಿದೆ. ಒಂದು ಸಂಜೆ ‘ಅಕ್ಕ’ ಬಂತು, ಆದರೆ ಒತ್ತು ಕೆಳಗಿನ ಸಾಲಿನ ತಲೆಗೆ ಅಂಟಿಕೊಂಡಿತ್ತು. ಬೇರೆ ಯಾವುದೇ ಕರ್ನಲ್ ಆಗಿದ್ದರೆ ಕೋಡ್ ತಿದ್ದು, ಕಂಪೈಲ್ ಮಾಡು, ಪೆನ್‌ಡ್ರೈವಿಗೆ ಹಾಕು, ಯಂತ್ರ ಮತ್ತೆ ಶುರುಮಾಡು. ನಾನು ಅದೇ ಕಪ್ಪು ಪರದೆಯಲ್ಲಿ ‘ಒತ್ತು ಬರೆ’ ಎಂಬ ಫಂಕ್ಷನ್ನನ್ನು ಮತ್ತೆ ಬರೆದೆ, ಎರಡು ಚುಕ್ಕಿ ಮೇಲೆತ್ತಿದೆ. ಯಂತ್ರ ನಿಲ್ಲಲಿಲ್ಲ. ಪರದೆಯಲ್ಲಿದ್ದ ಒತ್ತು ತನ್ನ ಜಾಗಕ್ಕೆ ಬಂದು ಕೂತಿತು. ಅಮ್ಮ ಬಂದು ನೋಡಿ, “ಇಷ್ಟಕ್ಕೇ ಒಂದು ತಿಂಗಳಿಂದ ಊಟ ತಿಂಡಿ ಬಿಟ್ಟು ಕೂತಿದ್ಯಾ?” ಅಂದಳು. ಹೌದು, ಇಷ್ಟಕ್ಕೇ.

ಓಡುತ್ತಿರುವ ಯಂತ್ರದೊಳಗೆ ಕೈ ಹಾಕುವುದು ಹುಡುಗಾಟ ಎನ್ನುವವರಿಗೆ ಒಂದು ದೊಡ್ಡ ಉದಾಹರಣೆ. 1998ರಲ್ಲಿ ನಾಸಾ ಹಾರಿಸಿದ ಡೀಪ್ ಸ್ಪೇಸ್ 1 ನೌಕೆಯನ್ನು 1999ರ ಮೇ ತಿಂಗಳಲ್ಲಿ ಲಿಸ್ಪ್‌ನಲ್ಲಿ ಬರೆದ ‘ರಿಮೋಟ್ ಏಜೆಂಟ್’ ಎಂಬ ಪ್ರೋಗ್ರಾಂ ಕೆಲವು ದಿನ ನಡೆಸಿತು. ನಡುವೆ ಒಂದು ದೋಷದಿಂದ ಅದು ಸಿಕ್ಕಿಹಾಕಿಕೊಂಡಿತು. ಕೋಟ್ಯಂತರ ಕಿಲೋಮೀಟರ್ ದೂರದಲ್ಲಿ ಓಡುತ್ತಲೇ ಇದ್ದ ಆ ಲಿಸ್ಪ್ ಜೊತೆ ಇಲ್ಲಿಂದ ಮಾತಾಡಿ, ಒಳಗಿನ ಸ್ಥಿತಿ ಕೇಳಿ ತಿಳಿದು, ಇಂಜಿನಿಯರುಗಳು ಕಾರಣ ಹುಡುಕಿದರು.

*

ಈಗ ನನ್ನ ಪಕ್ಷದ ಸೋಲುಗಳನ್ನೂ ಹೇಳಬೇಕು. ದೊಡ್ಡ ಗೋಡೆ ಡ್ರೈವರುಗಳದು. ಲಿನಕ್ಸ್ ಕರ್ನಲ್ ಮೂರು ಕೋಟಿಗೂ ಹೆಚ್ಚು ಸಾಲು, ಅದರಲ್ಲಿ ಅರ್ಧಕ್ಕೂ ಹೆಚ್ಚು ಡ್ರೈವರುಗಳು. ವೈಫೈ ಚಿಪ್ಪು, ಗ್ರಾಫಿಕ್ಸ್ ಕಾರ್ಡು, ಟಚ್‌ಪ್ಯಾಡು, ಒಂದೊಂದಕ್ಕೂ ಒಂದೊಂದು ಜಾತಕ. ಇದನ್ನೆಲ್ಲ ಲಿಸ್ಪ್‌ನಲ್ಲಿ ಮತ್ತೆ ಬರೆಯುವುದು ಕೆಲವರ ಕೈಲಾಗುವ ಕೆಲಸವಲ್ಲ. ನನ್ನ ಲ್ಯಾಪ್‌ಟಾಪಿನ ವೈಫೈ ಇಂದಿಗೂ ನನ್ನ ಮಾತು ಕೇಳುವುದಿಲ್ಲ. ಆದರೆ ಎಲ್ಲ ಯಂತ್ರಕ್ಕೂ ಒಮ್ಮೆಲೇ ಬರೆಯಬೇಕೆಂದು ಯಾರು ಹೇಳಿದರು? ವರ್ಚುವಲ್ ಯಂತ್ರಗಳು ವರ್ಟಿಯೋ ಎಂಬ ಒಂದೇ ನಮೂನೆಯ ಡಿಸ್ಕು, ನೆಟ್‌ವರ್ಕು ತೋರಿಸುತ್ತವೆ. ಅಷ್ಟಕ್ಕೆ ಬರೆದರೆ ಯಾರ ಲ್ಯಾಪ್‌ಟಾಪಿನಲ್ಲಾದರೂ ಓಡುತ್ತದೆ. ಆಮೇಲೆ ಸುಲಭವಾಗಿ ಸಿಗುವ ಒಂದೇ ಒಂದು ಅಗ್ಗದ ಯಂತ್ರ ಆರಿಸಿಕೊಂಡು ಅದಕ್ಕೆ ಪೂರ್ತಿ ಬರೆಯಬಹುದು. 1991ರಲ್ಲಿ ಲಿನಕ್ಸ್ ಕೂಡ ಒಬ್ಬ ವಿದ್ಯಾರ್ಥಿಯ ಒಂದು 386 ಪಿಸಿಯಲ್ಲೇ ಶುರುವಾದದ್ದು.

ಇನ್ನೊಂದು ಗೋಡೆ ಭದ್ರತೆಯದು. ಹಳೆಯ ಲಿಸ್ಪ್ ಸಿಸ್ಟಮುಗಳಲ್ಲಿ ಎಲ್ಲ ಪ್ರೋಗ್ರಾಮುಗಳೂ ಒಂದೇ ಹಜಾರದಲ್ಲಿ ವಾಸ. ಭಾಷೆಯೇ ಕಾವಲು, ಕಳ್ಳ ಪಾಯಿಂಟರ್ ಹುಟ್ಟುವುದೇ ಇಲ್ಲ, ಬೇರೆ ಗೋಡೆ ಬೇಡ ಎಂಬ ನಂಬಿಕೆ. 2018ರ ಜನವರಿಯಲ್ಲಿ ಬಯಲಾದ ಸ್ಪೆಕ್ಟರ್ ಈ ನಂಬಿಕೆಗೆ ಪೆಟ್ಟು ಕೊಟ್ಟಿತು. ಭಾಷೆ ಎಷ್ಟೇ ಕಾದರೂ, ಪ್ರೊಸೆಸರ್ ಮುಂದಾಲೋಚನೆಯಿಂದ ಮಾಡುವ ಊಹೆಗಳ ಜಾಡು ಹಿಡಿದು ಒಂದೇ ಹಜಾರದಲ್ಲಿರುವ ಗುಟ್ಟು ಓದಬಹುದು. ಇದನ್ನು ಒಪ್ಪಲೇಬೇಕು. ನಂಬಲಾಗದ ಕೋಡನ್ನು ಹಜಾರದಲ್ಲಿ ಬಿಟ್ಟುಕೊಳ್ಳದೆ ಬೇರೆ ವರ್ಚುವಲ್ ಯಂತ್ರದಲ್ಲಿ ಕೂರಿಸುವುದು ಸದ್ಯದ ದಾರಿ. ಆದರೆ ಜೊತೆಯಲ್ಲೇ ಬಯಲಾದ ಮೆಲ್ಟ್‌ಡೌನ್, ಕರ್ನಲ್ ಮತ್ತು ಬಳಕೆದಾರರ ನಡುವೆ ಹಾರ್ಡ್‌ವೇರ್ ಕಟ್ಟಿದ್ದ ಗೋಡೆಯಲ್ಲೇ ಬಿರುಕಿದೆ ಎಂದು ತೋರಿಸಿತು. ಆ ಬಿರುಕು ಎಲ್ಲರ ಮನೆಯದು.

*

ಕೊನೆಗೆ, ಹಿಂದಿನ ಸಾಲಿನಲ್ಲಿ ನಿಟ್ಟುಸಿರು ಬಿಟ್ಟವರ ಜೊತೆ ನನ್ನ ಜಗಳ. ಗೇಲಿ ಮಾಡುವವರಿಗಿಂತ ಇವರ ಮೇಲೆಯೇ ನನಗೆ ಸಿಟ್ಟು ಹೆಚ್ಚು. ಲಿಸ್ಪ್ ಪ್ರಿಯರ ಕೂಟದಲ್ಲಿ ರಿಚರ್ಡ್ ಗೇಬ್ರಿಯಲ್ ಅವರ ‘ಕೀಳಾದದ್ದೇ ಮೇಲು’ ಎಂಬ ವಾದವನ್ನು ಜನ ಚರಮಗೀತೆಯಂತೆ ಹಾಡುತ್ತಾರೆ. ಸರಿಯಾದ್ದನ್ನು ಮಾಡಲು ಹೊರಟ ಎಂಐಟಿಯವರು ಸೋತರು, ಅರೆಬೆಂದದ್ದನ್ನು ಬೇಗ ಹರಡಿದ ಯುನಿಕ್ಸ್‌ನವರು ಗೆದ್ದರು, ಲೋಕವೇ ಹೀಗೆ, ಒಳ್ಳೆಯದಕ್ಕೆ ಕಾಲವಿಲ್ಲ. ಗೇಬ್ರಿಯಲ್ ಸ್ವತಃ ಆಮೇಲೆ ಬೇರೆ ಹೆಸರಿನಲ್ಲಿ ತಮ್ಮದೇ ವಾದವನ್ನು ಖಂಡಿಸಿ ಬರೆದರು ಎಂಬುದನ್ನು ಈ ಕೂಟ ಮರೆಯುತ್ತದೆ.

ಯುನಿಕ್ಸ್ ಗೆದ್ದದ್ದು ಕೀಳಾಗಿದ್ದುದರಿಂದಲೇ? ಇನ್ನೊಂದು ಕಥೆ ಕೇಳಿ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದಲ್ಲಿ ಜಾನ್ ಲಯನ್ಸ್ ಎಂಬ ಅಧ್ಯಾಪಕರು 1976–77ರಲ್ಲಿ ಯುನಿಕ್ಸ್‌ನ ಆರನೇ ಆವೃತ್ತಿಯ ಕರ್ನಲ್ಲನ್ನು ವಿದ್ಯಾರ್ಥಿಗಳಿಗೆ ಪಾಠ ಮಾಡಲು ಎರಡು ಸಂಪುಟ ಮಾಡಿದರು. ಒಂದರಲ್ಲಿ ಮೂಲ ಕೋಡ್, ಹತ್ತು ಸಾವಿರ ಸಾಲಿಗೂ ಕಡಿಮೆ. ಇನ್ನೊಂದರಲ್ಲಿ ಅದಕ್ಕೆ ವ್ಯಾಖ್ಯಾನ. ನಮ್ಮ ಗಮಕದಲ್ಲಿ ಒಬ್ಬರು ವಾಚಿಸಿ ಇನ್ನೊಬ್ಬರು ವ್ಯಾಖ್ಯಾನ ಮಾಡುತ್ತಾರಲ್ಲ, ಹಾಗೆ. ಆಮೇಲೆ ಮಾಲೀಕರು ಕೋಡನ್ನು ಪಾಠಕ್ಕೆ ಬಳಸಬಾರದು ಎಂದು ಕಟ್ಟಳೆ ಹಾಕಿದರು. ವಿದ್ಯಾರ್ಥಿಗಳು ಜೆರಾಕ್ಸ್‌ನ ಜೆರಾಕ್ಸ್ ಮಾಡಿ ಓದಿದರು. 1996ರಲ್ಲಷ್ಟೇ ಅದು ಕಾನೂನುಬದ್ಧ ಪುಸ್ತಕವಾಗಿ ಬಂತು. ಒಂದು ಪೀಳಿಗೆ ಆ ಮಸುಕು ಪ್ರತಿಗಳಿಂದಲೇ ಕರ್ನಲ್ ಎಂದರೇನು ಎಂದು ಕಲಿಯಿತು.

ಯುನಿಕ್ಸ್ ಗೆದ್ದದ್ದು ವಿದ್ಯಾರ್ಥಿಗಳ ಕೈಗೆ ಸಿಗುವ ಯಂತ್ರದಲ್ಲಿ ಓಡಿದ್ದರಿಂದ, ವಿದ್ಯಾರ್ಥಿಗಳು ಓದಬಹುದಾಗಿದ್ದರಿಂದ. ಲಿಸ್ಪ್ ಯಂತ್ರವನ್ನು ಅದಕ್ಕಿಂತ ಚೆನ್ನಾಗಿ ಓದಬಹುದಿತ್ತು, ಆದರೆ ಹತ್ತಾರು ಸಾವಿರ ಡಾಲರ್ ಇದ್ದವರು ಮಾತ್ರ. ರಾಜನ ಗ್ರಂಥಾಲಯದಲ್ಲಿ ಎಲ್ಲ ಪುಸ್ತಕಗಳೂ ತೆರೆದಿವೆ ಎಂದರೆ ಊರಿಗೇನು ಬಂತು? ಲಿಸ್ಪ್ ಸೋತದ್ದು ಬೆಲೆಯಿಂದ, ಬಾಗಿಲಿನಿಂದ. ಹಾಗಾಗಿ ‘ಸಾಮಾನ್ಯ ಹಾರ್ಡ್‌ವೇರ್’ ಎಂಬುದು ಲಿಸ್ಪ್ ಅನಿವಾರ್ಯವಾಗಿ ಮಾಡಿಕೊಳ್ಳಬೇಕಾದ ರಾಜಿ ಎಂದು ನಾನು ಒಪ್ಪುವುದಿಲ್ಲ. ಅದೇ ಈ ಕೆಲಸದ ತಿರುಳು. ಜೆನೆರಾದಷ್ಟು ತೆರೆದ, ಲಯನ್ಸ್ ಪುಸ್ತಕದಷ್ಟು ಕೈಗೆಟಕುವ ಕಂಪ್ಯೂಟರ್ ವಿದ್ಯಾರ್ಥಿಯ ಮೇಜಿನ ಮೇಲೆ ಇನ್ನೂ ಬಂದಿಲ್ಲ. ತೆರೆದ ಕೋಡಿನ ಲಿನಕ್ಸ್ ಇದೆಯಲ್ಲ ಎಂದರೆ, ಕೋಟಿಗಟ್ಟಲೆ ಸಾಲಿನ ಗ್ರಂಥವನ್ನು ತೆರೆದಿಟ್ಟರೆ ಅದು ಓದಿಗೆ ಸಿಕ್ಕಂತಾಗುವುದಿಲ್ಲ.

ನಮ್ಮ ಕಾಲೇಜುಗಳಲ್ಲಿ ಪ್ರತಿ ವರ್ಷ ಕೊನೆಯ ಸೆಮಿಸ್ಟರಿಗೆ ಅದೇ ಲೈಬ್ರರಿ ಮ್ಯಾನೇಜ್‌ಮೆಂಟ್, ಅದೇ ಹಾಜರಾತಿ ಆ್ಯಪ್ ಪ್ರಾಜೆಕ್ಟುಗಳು. ಆಪರೇಟಿಂಗ್ ಸಿಸ್ಟಂ ಪಾಠ ಎಂದರೆ ಬೋರ್ಡಿನ ಮೇಲೆ ನಾಲ್ಕು ಚೌಕ, ಎರಡು ಬಾಣ, ಪರೀಕ್ಷೆಗೆ ಹತ್ತು ಅಂಕ. ನಾವು ದಿನದ ಹದಿನಾರು ಗಂಟೆ ಬದುಕುವ ಯಂತ್ರವನ್ನು ಬರೆಯುವವರು ಬೇರೆ ಯಾರೋ, ನಾವು ಬರೀ ಬಳಸುವವರು ಎಂದು ಒಪ್ಪಿಕೊಳ್ಳುವ ತರಬೇತಿ ಅದು. ಅದರ ಬದಲು ಮೂರು ಜನ ಸೇರಿ ಅಟ್ಟದ ಮೇಲಿನ ಒಂದು ಪಿಸಿ ಇಳಿಸಿ. ಒಬ್ಬರು ಕೀಬೋರ್ಡ್ ನೋಡಿಕೊಳ್ಳಿ, ಒಬ್ಬರು ಮೆಮೊರಿ, ಒಬ್ಬರು ಪರದೆ. ಮೆಝಾನೊದ ಕೋಡನ್ನು ಪಕ್ಕದಲ್ಲಿಟ್ಟುಕೊಂಡು, ಅದಕ್ಕೆ ಸಾಲುಸಾಲಿಗೆ ಕನ್ನಡದಲ್ಲಿ ವ್ಯಾಖ್ಯಾನ ಬರೆಯುತ್ತಾ ಓದಿ. ಮಧ್ಯದಲ್ಲಿ ಕೈಬಿಟ್ಟರೂ ನಷ್ಟವಿಲ್ಲ, ಓದಿದ್ದು ಉಳಿಯುತ್ತದೆ.

ಅಂದಹಾಗೆ, ಆ ಮೇಷ್ಟ್ರು ಸೆಮಿನಾರ್ ಮುಗಿದ ಮೇಲೆ ಕಾರಿಡಾರಿನಲ್ಲಿ ಸಿಕ್ಕರು. ಲ್ಯಾಪ್‌ಟಾಪ್ ತೆರೆದು ‘ಅಕ್ಕ’ ತೋರಿಸಿದೆ. ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದರು. “ಒತ್ತು ಇನ್ನೂ ಒಂದು ಚುಕ್ಕಿ ಎಡಕ್ಕೆ ಬರಬೇಕು ಕಣಮ್ಮಾ” ಅಂದರು. ಅಲ್ಲೇ ನಿಂತು ಸರಿಸಿದೆ.